ಡಾಕ್ಟ್ರ ಕೆಲಸ ಅಲ್ಲ ಮೇಡಂ, ಆ ಅಕ್ಕನ ಕೆಲಸ

ಪಿಯುಸಿ ಫಲಿತಾಂಶ ಬಂದು ರ‍್ಯಾಂಕ್ ಗೊತ್ತಾದ ಮೇಲೆ ಮುಂದಿನ ಓದು-ಕೆಲಸದ ಸಲಹೆಗೆ ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಪ್ರತಿ ವರ್ಷ ಒಬ್ಬಿಬ್ಬರಾದರೂ ಇಂಥವರಿರುತ್ತಾರೆ. ಪಶುವೈದ್ಯಕೀಯ ಸೀಟು ಕೈತಪ್ಪಿರುತ್ತದೆ, ಪ್ರಾಣಿಗಳ ಒಡನಾಟ ಬಿಟ್ಟು ಬೇರೆ ಓದು ಬೇಡವಾಗಿರುತ್ತದೆ, ಮನೆಯವರಿಗೆ ಅದು ಬರೀ ಹಟವಾಗಿ ಕಾಣುತ್ತಿರುತ್ತದೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿರುವುದರಿಂದ ನಮ್ಮ ಕಡೆ ಈ ಆಸೆ ತುಸು ಹೆಚ್ಚು.

ಈ ಹುಡುಗಿಯನ್ನು ಸಹನಾ ಎನ್ನೋಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತೀರ್ಥಹಳ್ಳಿ ಕಡೆಯ ತೋಟದ ಮನೆ. ಇನ್ನೊಂದು ವರ್ಷ ಕೋಚಿಂಗ್‌ಗೆ ಒಪ್ಪಿಸಿಕೊಡಿ ಎಂದು ತಂದೆ ಕರೆತಂದಿದ್ದರು. ಮಗಳಿಗೆ ಪೇಟೆಯ ಸಾಕುಪ್ರಾಣಿ ಕ್ಲಿನಿಕ್ಕೊಂದರಲ್ಲಿ ಸಹಾಯಕಿಯಾಗಿ ಸೇರುವ ಆಸೆ. "ನಾಯಿ ಹೇಲು ಬಾಚಕ್ಕೆ ಸೈನ್ಸ್ ಓದಿಸ್ಬೇಕಿತ್ತಾ ಮೇಡಂ?" ಎಂದರು ತಂದೆ. ಮೊದಲ ಭೇಟಿ ಅಲ್ಲಿಗೇ ನಿಂತಿತು.

ಎರಡನೇ ಭೇಟಿಯಲ್ಲಿ ನಾನು ಭವಿಷ್ಯದ ಮಾತೆತ್ತಲಿಲ್ಲ. ಮನೆಯ ನಾಯಿಗೆ ಕಾಯಿಲೆಯಾದಾಗ ಏನೇನಾಯಿತು, ಮೊದಲಿಂದ ಹೇಳು ಎಂದೆ.

"ಉಣುಗು ಕಚ್ಚಿ ಜ್ವರ ಬಂದಿತ್ತು. ನಾವು ಹೋದಾಗ ಡಾಕ್ಟ್ರು ಒಳಗೆ ಆಪರೇಷನ್ ಮಾಡ್ತಿದ್ರು. ಅಲ್ಲಿದ್ದ ಅಕ್ಕ ಬಂದು ತುಟಿ ಎತ್ತಿ ವಸಡು ನೋಡಿದ್ರು. ಬೆಳ್ಳಗಿತ್ತು. ಬೆರಳಲ್ಲಿ ಒತ್ತಿ ಬಿಟ್ರು, ಬಣ್ಣ ಬೇಗ ವಾಪಸ್ ಬರ್ಲಿಲ್ಲ. ಗಡಿಯಾರ ನೋಡ್ಕೊಂಡು ಉಸಿರು ಎಣಿಸಿದ್ರು. ನಮಗಿಂತ ಮುಂಚೆ ಬಂದೋರು ಕೂತಿದ್ರೂ ನಮ್ಮನ್ನ ಮೊದ್ಲು ಒಳಗೆ ಬಿಟ್ರು. ಡ್ರಿಪ್ ಹಾಕೋವಾಗ ಟವೆಲ್ ಸುತ್ತಿ, ಮುಂಗಾಲು ಹಿಡ್ಕೊಂಡು ಅದ್ರ ಹತ್ರ ಮಾತಾಡ್ತಾ ಇದ್ರು. ಡಾಕ್ಟ್ರು ನೋಡಿ, ಔಷಧಿ ಬರೆದು ಹೋದ್ರು. ಮೂರು ದಿನ ನೋಡ್ಕೊಂಡಿದ್ದು ಅಕ್ಕ. ನನಗೆ ಬೇಕಿರೋದು ಡಾಕ್ಟ್ರ ಕೆಲಸ ಅಲ್ಲ ಮೇಡಂ, ಆ ಅಕ್ಕನ ಕೆಲಸ."

ತಂದೆ ಮಗಳ ಮುಖ ನೋಡಿದರು. ಸೀಟು ಸಿಗದ್ದಕ್ಕೆ ಕೆಳಗಿನದನ್ನು ಹಿಡಿದಿದ್ದಾಳೆ ಎಂದೇ ಅವರು ಅಲ್ಲಿಯವರೆಗೆ ತಿಳಿದಿದ್ದರು.

"ನಾಯಿ ಉಳೀತಾ?" ಎಂದು ಕೇಳಿದೆ.

"ಇಲ್ಲ. ಆದ್ರೂ ಆಮೇಲೆ ಎರಡು ಸಲ ಆ ಕ್ಲಿನಿಕ್‌ಗೆ ಹೋಗಿದ್ದೆ. ಸುಮ್ನೆ ನೋಡೋಕೆ."

ಈ ಉತ್ತರಕ್ಕೆ ನಾನು ಬಹಳ ತೂಕ ಕೊಡುತ್ತೇನೆ. ನಾಯಿ ಎಂದರೆ ಪ್ರಾಣ ಎನ್ನುವ ಮಕ್ಕಳು ಬೇಕಾದಷ್ಟು ಬರುತ್ತಾರೆ. ಅವರು ಹೇಳುವುದು ತಮ್ಮ ಪ್ರೀತಿಯ ಬಗ್ಗೆ. ಸಹನಾ ಹೇಳಿದ್ದು ಕೆಲಸದ ಬಗ್ಗೆ. ಒತ್ತಿದ ವಸಡಿಗೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಡವಾದರೆ ರಕ್ತಸಂಚಾರ ಸೋಲುತ್ತಿದೆ ಎಂದರ್ಥ. ಮಂಗನ ಕಾಯಿಲೆಯ ದೆಸೆಯಿಂದ ಮಲೆನಾಡಿನವರಿಗೆ ಉಣುಗಿನ ಭಯ ಗೊತ್ತೇ ಇದೆ. ನಾಯಿಗೆ ಬರುವ ಉಣುಗು ಜ್ವರ ಬೇರೆಯದು, ಅದರ ಒಂದು ಬಗೆ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ವಸಡು ಬೆಳ್ಳಗಾಗುತ್ತದೆ. ವಸಡಿನ ಈ ಲಕ್ಷಣಗಳನ್ನು ಯಾರೂ ಕಲಿಸದೆ ಹುಡುಗಿ ನೋಡಿ ನೆನಪಿಟ್ಟುಕೊಂಡಿದ್ದಳು.

ಆದರೂ ಇನ್ನೊಂದು ಪ್ರಶ್ನೆ ಕೇಳಿದೆ. "ಪಕ್ಕದ ಮನೆಯವರು ಫೋನ್ ಮಾಡ್ತಾರೆ. ಬೆಕ್ಕಿಗೆ ಜ್ವರ, ಅರ್ಧ ಪ್ಯಾರಾಸಿಟಮಾಲ್ ಹಾಕ್ಲಾ, ನೀನು ಕ್ಲಿನಿಕ್‌ನಲ್ಲಿ ಇರೋಳಲ್ವಾ ಅಂತಾರೆ. ಏನು ಹೇಳ್ತಿ?" ಅವಳಿಗೆ ಗೊತ್ತಿರಲಿಲ್ಲ. "ಡಾಕ್ಟ್ರನ್ನ ಕೇಳಿ ಹೇಳ್ತೀನಿ, ಅಲ್ಲೀವರೆಗೂ ಏನೂ ಕೊಡ್ಬೇಡಿ ಅಂತೀನಿ" ಎಂದಳು. ಬೆಕ್ಕಿನ ದೇಹಕ್ಕೆ ಆ ಔಷಧಿಯನ್ನು ಅರಗಿಸುವ ಶಕ್ತಿಯಿಲ್ಲ, ಅರ್ಧ ಮಾತ್ರೆಯೇ ಕೊಂದೀತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಲ್ಲವಳಾದ್ದರಿಂದಲೇ ನಾನು ಅವಳ ಪರ ನಿಂತೆ.

ತಂದೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಬ್ರಿಟನ್ನಿನಲ್ಲಿರುವಂತೆ ಪಶು ಶುಶ್ರೂಷಕರಿಗೆ ಪ್ರತ್ಯೇಕ ನೋಂದಣಿ ನಮ್ಮಲ್ಲಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೀಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಡಿಪ್ಲೊಮಾ ಆದವರು ಸರ್ಕಾರದ ಅನುಮತಿಯಿದ್ದರೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಗಾಯ ಕಟ್ಟುವುದು ಮುಂತಾದ ಪ್ರಾಥಮಿಕ ಸೇವೆ ಮಾಡಬಹುದು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಎಸ್ಸೆಸ್ಸೆಲ್ಸಿ ನಂತರದ 2 ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ. ಅದರ ಒತ್ತು ದನ, ಕುರಿ, ಕೋಳಿಗಳ ಮೇಲೆ. ನಾಯಿ-ಬೆಕ್ಕಿನ ಆರೈಕೆಯನ್ನು ಕ್ಲಿನಿಕ್‌ನಲ್ಲಿ ನಿಂತೇ ಕಲಿಯಬೇಕು. ಮೊಬೈಲಿನಲ್ಲಿ ಸರ್ಟಿಫಿಕೇಟ್ ಕೊಟ್ಟು ವಿದೇಶದ ಕೆಲಸದ ಆಸೆ ತೋರಿಸುವ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ.

ಸಲಹೆ ಹೀಗಿತ್ತು: ಒಂದು ವರ್ಷ ಕ್ಲಿನಿಕ್‌ನಲ್ಲಿ ದುಡಿಯಲಿ, ಆಮೇಲೆ ಡಿಪ್ಲೊಮಾನೋ ಮತ್ತೊಮ್ಮೆ ಪ್ರವೇಶ ಪರೀಕ್ಷೆಯೋ ಅವಳೇ ನಿರ್ಧರಿಸಲಿ. ಕೆಲಸಕ್ಕೆ ಸೇರುವ ಮೊದಲೇ ರೇಬೀಸ್ ಮುಂಜಾಗ್ರತಾ ಲಸಿಕೆಯ ಮೂರೂ ಡೋಸ್ (0, 7 ಮತ್ತು 21 ಅಥವಾ 28ನೇ ದಿನ) ಮುಗಿದಿರಬೇಕು. ಆಮೇಲೂ ನಾಯಿ ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ನೀರಿನಲ್ಲಿ ತೊಳೆದು ಮತ್ತೆ ಬೂಸ್ಟರ್ ತೆಗೆದುಕೊಳ್ಳಲೇಬೇಕು. ಈ ಒಂದು ವಿಷಯದಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಬುದ್ಧಿವಂತ ಹುಡುಗಿಯ ಒಂದು ವರ್ಷ ಹಾಳು ಮಾಡಿದಿರಿ ಎಂದು ಪರಿಚಯದ ಉಪನ್ಯಾಸಕರೊಬ್ಬರು ಆಕ್ಷೇಪಿಸಿದರು. ಮನಸ್ಸಿಲ್ಲದ ಕೋಚಿಂಗ್‌ನಲ್ಲಿ ಕಳೆಯುವ ವರ್ಷದ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ. ಐದೂವರೆ ವರ್ಷದ ಪದವಿಗೆ ಹೋಗುವವರಿಗೂ ಮೊದಲು ಪಂಜರ ತೊಳೆದ ಅನುಭವವಿದ್ದರೆ ಒಳ್ಳೆಯದೇ. ವೈದ್ಯರ ಪಕ್ಕ ನಿಂತು ಪ್ರಾಣಿಯ ಜೀವ ಕಾಯುವ ಕೈಯನ್ನು ನಾವು ಸೋತವರ ಕೈ ಎಂದು ಕರೆಯುತ್ತಿದ್ದರೆ ಒಳ್ಳೆಯ ಮಕ್ಕಳು ಈ ಕೆಲಸಕ್ಕೆ ಬರುವುದಾದರೂ ಹೇಗೆ?

ತಂದೆ ಒಂದು ವರ್ಷಕ್ಕೆ ಒಪ್ಪಿದ್ದಾರೆ. ಸಂಬಳದ ಮಾತು ಮಾತ್ರ ಇತ್ಯರ್ಥವಾಗಿಲ್ಲ. ಕಲಿಯೋಕೆ ಬರುವವಳಿಗೆ ಸಂಬಳ ಯಾಕೆ ಎಂದು ಕ್ಲಿನಿಕ್‌ನವರು ಕೇಳಿದರಂತೆ. ದಿನವಿಡೀ ದುಡಿಸಿಕೊಳ್ಳುವುದಾದರೆ ಕೊಡಲೇಬೇಕು ಎಂದಿದ್ದೇನೆ. ಮುಂದಿನ ಭೇಟಿಗೆ ಅಲ್ಲಿನ ಡಾಕ್ಟರನ್ನೂ ಕರೆತರಲು ಹೇಳಿದ್ದೇನೆ.