‘ಮಕ್ಕಳಿಗೆ ಉಚಿತ’ ಅಂದು ಕೊನೆಗೆ ಬಿಲ್ ಹಾಕಿದರೆ?

ಮಡಿಕೇರಿ ಹತ್ತಿರದ ರೆಸಾರ್ಟಿನವರು ‘ಇಬ್ಬರು ಮಕ್ಕಳಿಗೆ ಊಟ, ವಸತಿ ಉಚಿತ’ ಅಂತ ಜಾಹೀರಾತು ಕೊಟ್ಟು, ಹೊರಡುವಾಗ ‘ಐದು ವರ್ಷದೊಳಗಿನವರಿಗೆ ಮಾತ್ರ’ ಎಂದು ದುಡ್ಡು ಕಿತ್ತರು, ಆಫರಿನಲ್ಲಿದ್ದ ಈಜುಕೊಳದಲ್ಲೂ ನೀರಿರಲಿಲ್ಲ, ಆ ದುಡ್ಡು ವಾಪಸ್ ಸಿಗುತ್ತಾ ಅಂತ ಕೇಳಿದ್ದೀರಿ. ಪ್ರಯತ್ನ ಪಡಲೇಬೇಕು ಸಾರ್, ಸುಮ್ನೆ ಬಿಡಬೇಡಿ.

ಮೊದಲು ಆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಇವತ್ತೇ. ದೂರಿನ ವಾಸನೆ ಬಡಿದರೆ ಆಫರ್ ಪೇಜು ರಾತ್ರೋರಾತ್ರಿ ಮಾಯವಾಗಬಹುದು. ಬುಕಿಂಗ್ ಮೆಸೇಜು, ವಾಟ್ಸಾಪ್ ಮಾತುಕತೆಯೂ ಇರಲಿ. ಬಿಲ್ಲಿನಲ್ಲಿ ‘ಎಕ್ಸ್‌ಟ್ರಾ ಪರ್ಸನ್’ ಅಂತ ಬೇರೆ ಸಾಲು ಇದೆಯಾ ನೋಡಿ. ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

‘ಷರತ್ತುಗಳು ಅನ್ವಯ’ ಅಂತ ಅವರು ರಾಗ ಎಳೆಯುತ್ತಾರೆ, ಗ್ಯಾರಂಟಿ. ಆದರೆ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಇರುವ 2022ರ ಕೇಂದ್ರ ಮಾರ್ಗಸೂಚಿ ಪ್ರಕಾರ, ದೊಡ್ಡಕ್ಷರದಲ್ಲಿ ಹೇಳಿದ್ದನ್ನು ಸಣ್ಣಕ್ಷರದಲ್ಲಿ ಉಲ್ಟಾ ಹೊಡೆಯುವಂತಿಲ್ಲ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಜಾಹೀರಾತು ಕನ್ನಡದಲ್ಲಿದ್ದರೆ ಷರತ್ತೂ ಕನ್ನಡದಲ್ಲೇ ಇರಬೇಕು. ನಿಮ್ಮದರಲ್ಲಿ ಹೇಗಿದೆ, ಒಮ್ಮೆ ನೋಡಿ.

ಮ್ಯಾನೇಜರ್‌ಗೆ ಫೋನ್ ಮಾಡಿ ಜಗಳ ಆಡಬೇಡಿ, ಇಮೇಲ್ ಹಾಕಿ. ಇಷ್ಟು ಹಣ, ಇಂಥ ದಿನದೊಳಗೆ ಅಂತ ಸ್ಪಷ್ಟವಾಗಿ ಕೇಳಿ. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದಕ್ಕೆ ಮಡಿಕೇರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. 2 ವರ್ಷದ ಗಡುವು ಇದೆ.

ನೀರಿಲ್ಲದ ಈಜುಕೊಳದ ಫೋಟೋವನ್ನೂ ದೂರಿಗೆ ಲಗತ್ತಿಸಿ. ಅದೂ ಆಫರಿನಲ್ಲೇ ಇತ್ತು ಅಂದಿರಲ್ವಾ?