ಬಚ್ಚಲೊಲೆಯ ಬದಿಯ ಆಡಿನ ಮರಿ

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮಗೆ ಒಂದೆಕ್ರೆ ಅಡಿಕೆ ತೋಟ. ಕಳೆದ ವರ್ಷ ಎರಡು ಮಲಬಾರಿ ಆಡು ತಂದೆವು. ಒಂದು ಗಬ್ಬವಾಗಿದೆ. ಮಳೆಗಾಲದ ಆಟಿ ತಿಂಗಳಲ್ಲೇ ಮರಿ ಹಾಕುತ್ತದೋ ಏನೋ. ಮರಿ ಹುಟ್ಟಿದ ಕೂಡಲೇ ಬಿಸಿನೀರಿನಲ್ಲಿ ಮೀಯಿಸಬೇಕು ಎನ್ನುತ್ತಾರೆ ನೆರೆಮನೆಯವರು. ಹೌದಾ? ಆ ಜಡಿಮಳೆಯಲ್ಲಿ ಮರಿಯನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೀಯಿಸಲೇಬೇಡಿ. ತಾಯಿ ಮರಿಯ ಗುರುತು ಹಿಡಿಯುವುದು ವಾಸನೆಯಿಂದ. ನೀವು ಚೆಂದ ಮಾಡಿ ತೊಳೆದು ಕೊಟ್ಟರೆ, ಇದು ಯಾರ ಮನೆಯದ್ದಪ್ಪಾ ಅಂತ ತಲೆಯಲ್ಲಿ ಹಾಯುತ್ತದೆ. ಅದೂ ಅಲ್ಲದೆ ಆಟಿಯಲ್ಲಿ ನಮ್ಮ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ಮರಿ ಒಣಗುವುದು ಯಾವಾಗ?

ಹೋತ ಕೊಟ್ಟ ತಾರೀಕು ಗೊತ್ತಿದ್ದರೆ ಕ್ಯಾಲೆಂಡರಿನಲ್ಲಿ 150 ದಿನ ಎಣಿಸಿ. ನಾಲ್ಕೈದು ದಿನ ಆಚೀಚೆ ಆಗುತ್ತದೆ. ಕೆಚ್ಚಲು ಬಿಗಿದು, ಆಡು ಗುಂಪು ಬಿಟ್ಟು ಮೂಲೆಯಲ್ಲಿ ನಿಂತು ನೆಲ ಕೆರೆಯಲು ಸುರು ಮಾಡಿದರೆ ಹತ್ತಿರ ಬಂತು ಅಂತಲೇ. ಅಡಿಕೆ ಮರದ ಸಲಾಕೆ ಬಡಿದು ನೆಲದಿಂದ ಎತ್ತರಿಸಿದ ಅಟ್ಟಳಿಗೆ ಗೂಡಾದರೆ ಆ ಮೂಲೆಗೆ ಗೋಣಿ ಹಾಸಿ, ಮೇಲೆ ಒಣ ಬೈಹುಲ್ಲು ಹರಡಿ. ದೊಡ್ಡ ಆಡಿಗೆ ಸರಿಯಾದ ಸಂದಿಯಲ್ಲಿ ಮರಿಯ ಕಾಲು ಸಿಕ್ಕಿಬೀಳುತ್ತದೆ. ಹಳೇ ಲುಂಗಿಯ ತುಂಡು, ಟಾರ್ಚು, ಟಿಂಚರ್ ಅಯೋಡಿನ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಮೊದಲು ಕಾಣಬೇಕಾದದ್ದು ಎರಡು ಮುಂಗಾಲಿನ ಗೊರಸು, ಅದರ ಮೇಲೆ ಮೂಗು, ಕೆರೆಗೆ ಹಾರುವವರ ಹಾಗೆ. ಆಡು ಅರ್ಧ ಗಂಟೆ ಜೋರಾಗಿ ತಿಣುಕುತ್ತಿದ್ದರೂ ಏನೂ ಮುಂದೆ ಬಾರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ನೀವೇ ಕೈ ಹಾಕಿ ಎಳೆಯಬೇಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರು ಈ ಕೆಲಸದ ಹತ್ತಿರ ಬರುವುದೇ ಬೇಡ, ಹೆರಿಗೆಯ ಕಸದಿಂದ (ಮಾಸಿನಿಂದ) ಸೋಂಕು ಹತ್ತುವುದುಂಟು.

ಮರಿ ಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರಾಡಲು ಹಿಂದೆಮುಂದೆ ನೋಡಿದರೆ ಹುಲ್ಲಿನ ಕಡ್ಡಿಯಿಂದ ಮೂಗಿನ ಒಳಗೆ ಸ್ವಲ್ಪ ಕಚಗುಳಿ ಇಡಿ, ಸೀನುತ್ತದೆ. ಆಮೇಲೆ ತಾಯಿಯ ಮುಂದೆ ಹಾಕಿ. ಅದು ನೆಕ್ಕಲಿ, ಹಿಂದಿನಿಂದ ನೀವು ಲುಂಗಿಯಲ್ಲಿ ಉಜ್ಜಿ. ಹೊಕ್ಕುಳ ಬಳ್ಳಿಯನ್ನು ಅಯೋಡಿನ್ನಿನಲ್ಲಿ ಅದ್ದಿ, ಬಾಟಲಿಯ ಮುಚ್ಚಳದಲ್ಲಿ ತುಂಬಿ ಹೊಟ್ಟೆಗೆ ಒತ್ತಿ ಹಿಡಿದರಾಯಿತು. ಬೂದಿ, ಸೆಗಣಿ ಮೆತ್ತುವವರಿದ್ದಾರೆ. ಅದು ಧನುರ್ವಾಯುವಿಗೆ ದಾರಿ.

ಇನ್ನು ಗಿಣ್ಣು ಹಾಲು. ಒಂದು ಗಂಟೆಯ ಒಳಗೆ ಮರಿಯ ಹೊಟ್ಟೆಗೆ ಹೋಗಬೇಕು. ಮನುಷ್ಯರ ಮಗುವಿಗೆ ಬರುವ ಹಾಗೆ ಆಡಿನ ಮರಿಗೆ ಗರ್ಭದಲ್ಲೇ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಎಲ್ಲ ಈ ಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲೂ ಒಂದು ದಿನದಲ್ಲಿ ಮುಚ್ಚುತ್ತದೆ. ಎರಡು ಕಿಲೋ ಮರಿಯಾದರೆ ಮೊದಲ ದಿನ ಒಟ್ಟು 200 ಮಿಲಿಲೀಟರ್ ಆದರೂ ಬೇಕು, ನಾಲ್ಕೈದು ಸಲಕ್ಕೆ. ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹಾಗೆ ಒಂದು ಬಿರಡೆ ಇರುತ್ತದೆ. ಎರಡು ಸಲ ಹಿಂಡಿ ತೆಗೆಯಿರಿ. ಮರಿ ಚೀಪುತ್ತಲೇ ಇದೆ, ಬಾಲ ಅಲ್ಲಾಡುತ್ತಲೇ ಇದೆ, ಹೊಟ್ಟೆಗೆ ಮಾತ್ರ ಹನಿ ಹೋಗಿಲ್ಲ! ನಾನು ಇದನ್ನು ನೋಡಿದ್ದೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಡು ಸಾಕಿದ ಎರಡನೇ ಮಳೆಗಾಲ. ಬೆಳಿಗ್ಗೆ ಹೋಗಿ ನೋಡಿದರೆ ಎರಡು ಮರಿ, ಒಂದು ಗೂಡಿನ ಅಂಚಿನಲ್ಲಿ ಎರಚಲಿಗೆ ನೆನೆದು ಬಿದ್ದಿತ್ತು. ಪಾಪ ಹಸಿವಾಗಿದೆ ಅಂತ ಬಾಟಲಿಯಲ್ಲಿ ಹಾಲು ಕುಡಿಸಿದೆ. ನುಂಗುವ ತ್ರಾಣವೇ ಇರಲಿಲ್ಲ ಅದಕ್ಕೆ, ಹಾಲು ಶ್ವಾಸಕೋಶಕ್ಕೆ ಇಳಿಯಿತು. ಮಧ್ಯಾಹ್ನಕ್ಕೆ ಹೋಯಿತು. ಸತ್ತದ್ದು ಚಳಿಗೆ ಅಂತ ಮನೆಯವರಿಗೆ ಹೇಳಿದೆ. ನನ್ನ ಅವಸರಕ್ಕೆ ಅಂತ ಡಾಕ್ಟರು ಹೇಳಿದರು.

ಅಂದಿನಿಂದ ಮೊದಲು ಬೆರಳನ್ನು ಮರಿಯ ಬಾಯಿಯೊಳಗೆ ಇಡುತ್ತೇನೆ. ಬೆಚ್ಚಗಿದ್ದು ಚೀಪಿದರೆ ಹಾಲು. ತಣ್ಣಗಿದ್ದರೆ ಮೊದಲು ಬಿಸಿ, ಆಮೇಲೆ ಹಾಲು. ನಮ್ಮ ಕಡೆ ಬಚ್ಚಲೊಲೆಯಲ್ಲಿ ಬೆಂಕಿ ಆರುವುದೇ ಕಡಿಮೆ ಅಲ್ವಾ? ಒಣ ಬಟ್ಟೆಯಲ್ಲಿ ಸುತ್ತಿ, ಅಡಿಕೆ ಹಾಳೆಯಲ್ಲಿ ಮಲಗಿಸಿ ಒಲೆಯಿಂದ ಎರಡು ಮೊಳ ದೂರ ಇಡಿ, ಆಗಾಗ ಮಗುಚಿ. ಹೋದ ವರ್ಷ ಹಾಗೆ ಇಟ್ಟ ಒಂದು ಕಪ್ಪು ಮರಿ ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ನಾನು ಕಾಫಿ ಕುಡಿದು ಬರುವಾಗ ಹಾಳೆ ಖಾಲಿ. ಸೌದೆ ರಾಶಿಯ ಹಿಂದೆ ನಿಂತು ಕೂಗುತ್ತಿತ್ತು. ಒಂದು ಎಚ್ಚರಿಕೆ: ಹುಟ್ಟಿ ಐದಾರು ಗಂಟೆ ಕಳೆದು ತಲೆಯನ್ನೂ ಎತ್ತಲಾಗದ ಮರಿಯನ್ನು ಸುಮ್ನೆ ಬಿಸಿ ಮಾಡಬೇಡಿ. ಮೈಯಲ್ಲಿ ಸಕ್ಕರೆ ಕಡಿಮೆಯಾಗಿ ಫಿಟ್ಸ್ ಬರಬಹುದು. ಡಾಕ್ಟರು ಮೊದಲು ಗ್ಲೂಕೋಸ್ ಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ಆಡು ಮೂರು ಮರಿ ಹಾಕಿದೆ. ಸಣ್ಣದನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಏನು ಮಾಡಲಿ? (ಮುಳ್ಳೇರಿಯದಿಂದ ಒಬ್ಬ ಓದುಗರು)

ಉತ್ತರ: ಮೊಲೆ ಎರಡು, ಮರಿ ಮೂರು. ಜಗಳ ಆಗದೆ ಇರುತ್ತದಾ? ಮೊದಲು ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ ಗಟ್ಟಿಯಾಗಿದ್ದರೆ ಅದು ಕೆಚ್ಚಲು ಬಾವು, ನೋವಿಗೆ ಒದೆಯುತ್ತಿದೆ. ಚಿಕಿತ್ಸೆ ಆಗಬೇಕು. ಹಾಗೇನೂ ಇಲ್ಲದಿದ್ದರೆ ದಿನಕ್ಕೆ ನಾಲ್ಕೈದು ಸಲ ಆಡನ್ನು ಗಿಡ್ಡವಾಗಿ ಕಟ್ಟಿ, ಮುಂದೆ ಹಲಸಿನ ಸೊಪ್ಪು ತೂಗುಹಾಕಿ, ಸಣ್ಣ ಮರಿಗೆ ಮೊದಲ ಸರದಿ ಕೊಡಿ. ತಾಯಿಯ ಹಾಲನ್ನೇ ಮರಿಯ ಬಾಲದ ಬುಡಕ್ಕೆ ಸವರಿ. ಮೂರ್ನಾಲ್ಕು ದಿನದಲ್ಲಿ ಒಪ್ಪಿಕೊಳ್ಳುವುದೇ ಜಾಸ್ತಿ. ಒಪ್ಪದಿದ್ದರೆ ಬಾಟಲಿ. ಕುಡಿಸುವಾಗ ಮರಿ ನಿಂತೇ ಇರಲಿ, ಮಗುವಿನ ಹಾಗೆ ಮಡಿಲಲ್ಲಿ ಅಂಗಾತ ಮಲಗಿಸಬೇಡಿ.

ಪ್ರಶ್ನೆ: ಇಪ್ಪತ್ತೈದು ದಿನದ ಮರಿಗೆ ಭೇದಿ. ಮೆಡಿಕಲ್ಲಿನಿಂದ ಜಂತಿನ ಔಷಧ ತಂದು ಹಾಕಬಹುದಾ? (ಪೆರ್ಲದಿಂದ)

ಉತ್ತರ: ಹಾಕಬೇಡಿ. ಆ ಪ್ರಾಯದಲ್ಲಿ ಹೆಚ್ಚಾಗಿ ಕಾಣುವುದು ಕರುಳಿಗೆ ಹತ್ತುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ. ಅದು ಜಂತು ಅಲ್ಲ, ಜಂತಿನ ಔಷಧಕ್ಕೆ ಬಗ್ಗುವುದಿಲ್ಲ. ಒಂದು ಡಬ್ಬಿಯಲ್ಲಿ ಹಿಕ್ಕೆಯ ಸ್ಯಾಂಪಲ್ ಹಿಡಿದು ಮೃಗಾಸ್ಪತ್ರೆಗೆ ಇವತ್ತೇ ಹೋಗಿ. ಅಲ್ಲಿಯವರೆಗೆ ಮರಿ ತಾಯಿಯ ಹಾಲು ಕುಡಿಯುತ್ತಿರಲಿ, ಮಧ್ಯೆ ಓಆರ್‌ಎಸ್ ನೀರು ಕೊಡಿ. ಗೋಣಿ ಒದ್ದೆಯಾಗಿದ್ದರೆ ಬದಲಿಸಿ. ಡಾಕ್ಟರು ಮಲಯಾಳ ಮಾತಾಡುವವರಾದರೂ ಭಾಷೆಯ ಚಿಂತೆ ಬೇಡ, ಮಲಯಾಳದಲ್ಲೂ ಆಡಿಗೆ ಆಡು ಅಂತಲೇ ಹೇಳುವುದು.