ಸಾಂತಾ ಕ್ಲಾಸ್ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಕ್ರಿಸ್‌ಮಸ್ ಸಂಚಿಕೆಗೆಂದು ನೀವು ಕಳುಹಿಸಿದ ಸಾಂತಾ ಕ್ಲಾಸ್ ಐತಿಹ್ಯಗಳ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ನಿಮ್ಮ ಓದು ವಿಸ್ತಾರವಾದದ್ದು, ಭಾಷೆಯಲ್ಲಿ ತೊಡಕಿಲ್ಲ. ಆದರೆ ಸಾಂತಾ ಕ್ಲಾಸ್‌ನ ಮೂಲವೆನಿಸಿದ ಮೈರಾ ಪಟ್ಟಣದ ಬಿಷಪ್ (ಕ್ರೈಸ್ತ ಧರ್ಮಾಧ್ಯಕ್ಷ) ನಿಕೋಲಸ್, ಉತ್ತರ ಯುರೋಪಿನ ಪ್ರಾಚೀನ ದೇವರು ಓಡಿನ್, ಆಲ್ಪ್ಸ್ ಸೀಮೆಯ ಕೊಂಬಿನ ಕ್ರಾಂಪಸ್, ಇಟಲಿಯ ಮುದುಕಿ ಬೆಫಾನಾ ಎಲ್ಲರೂ ಒಂದೊಂದು ಪ್ಯಾರಾದಲ್ಲಿ ಮುಖ ತೋರಿಸಿ ಹೋಗುವುದರಿಂದ ಯಾರ ಕಥೆಯೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ನಿಕೋಲಸ್ ‘ಮೂವರು ಬಡ ಹೆಣ್ಣುಮಕ್ಕಳಿಗೆ ನೆರವಾದ’ ಎಂದು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಐತಿಹ್ಯ ಇಷ್ಟು ಸಪ್ಪೆಯಾಗಿಲ್ಲ. ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ, ಸಿರಿತನದಿಂದ ದಾರಿದ್ರ್ಯಕ್ಕೆ ಬಿದ್ದ ತಂದೆಯೊಬ್ಬ ವರದಕ್ಷಿಣೆ ಹೊಂದಿಸಲಾಗದೆ ತನ್ನ ಮೂವರು ಹೆಣ್ಣುಮಕ್ಕಳನ್ನು ವೇಶ್ಯಾವೃತ್ತಿಗೆ ದೂಡಲು ಮನಸ್ಸು ಮಾಡಿರುತ್ತಾನೆ. ಇನ್ನೂ ಬಿಷಪ್ ಆಗಿರದ ಯುವಕ ನಿಕೋಲಸ್, ತಂದೆತಾಯಿಯರಿಂದ ಬಂದ ಆಸ್ತಿಯಲ್ಲಿ ಒಂದು ಗಂಟು ಚಿನ್ನವನ್ನು ರಾತ್ರಿ ಆ ಮನೆಯ ಕಿಟಕಿಯೊಳಗೆ ಎಸೆದು ಹೋಗುತ್ತಾನೆ. ಹಿರಿಯವಳ ಮದುವೆಯಾದ ಮೇಲೆ ಎರಡನೆಯ ಗಂಟು, ಅನಂತರ ಮೂರನೆಯದು. ಆ ಸಲ ಎಚ್ಚರವಿದ್ದ ತಂದೆ ಓಡಿಬಂದು ಹಿಡಿದಾಗ, ನಿಕೋಲಸ್ ತಾನು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳಕೂಡದೆಂದು ಅವನಿಂದ ಮಾತು ತೆಗೆದುಕೊಳ್ಳುತ್ತಾನೆ. ರಾತ್ರಿ ಬಂದು, ಕಣ್ಣಿಗೆ ಬೀಳದೆ ಕೊಟ್ಟುಹೋಗುವ ಈ ಮನುಷ್ಯನೇ ನಿಮ್ಮ ಲೇಖನದ ನಾಯಕನಾಗಬೇಕು. ವೇಶ್ಯಾವೃತ್ತಿಯ ಮಾತು ಹಬ್ಬದ ಸಂಚಿಕೆಗೆ ಒಗ್ಗದೆಂದು ಅಳುಕಬೇಡಿ. ವರದಕ್ಷಿಣೆಯ ಸಂಕಟವನ್ನಂತೂ ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಆದರೆ ಇದನ್ನು ಇತಿಹಾಸವೆಂದು ಮಾತ್ರ ಬರೆಯಬೇಡಿ: ನಿಕೋಲಸ್ 4ನೆಯ ಶತಮಾನದವನು, ಅವನ ಪೂರ್ಣ ಚರಿತೆ ಸಿಗುವುದು 9ನೆಯ ಶತಮಾನದಲ್ಲಿ.

ಡಿಸೆಂಬರ್ 6ರಂದು ಹಬ್ಬ ಆಚರಿಸಿಕೊಳ್ಳುವ ಈ ಸಂತ ಕ್ರಿಸ್‌ಮಸ್ ರಾತ್ರಿಗೆ ಹೇಗೆ ಬಂದ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ನೀವು ಉತ್ತರಿಸಿಲ್ಲ. 1087ರಲ್ಲಿ ನಾವಿಕರು ಅವನ ಅಸ್ಥಿಗಳನ್ನು ಮೈರಾದಿಂದ ಇಟಲಿಯ ಬಾರಿ ನಗರಕ್ಕೆ ಒಯ್ದ ಮೇಲೆ ಪಶ್ಚಿಮದಲ್ಲಿ ಅವನ ಆರಾಧನೆ ಬಲಗೊಂಡಿತು. ಸಂತರ ಆರಾಧನೆಯನ್ನು ಒಪ್ಪದ ಜರ್ಮನಿಯ ಪ್ರೊಟೆಸ್ಟೆಂಟರು ಮಕ್ಕಳ ಉಡುಗೊರೆಯನ್ನು ಬಾಲಯೇಸುವಿನ ಹೆಸರಿನಲ್ಲಿ ಕ್ರಿಸ್‌ಮಸ್‌ಗೆ ಸಾಗಿಸಿದರು. ನೆದರ್‌ಲೆಂಡ್ಸ್ ಮಾತ್ರ ಸಂತನ ಹಬ್ಬದ ಮುನ್ನಾದಿನವಾದ ಡಿಸೆಂಬರ್ 5ರ ಸಂಜೆಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಲೇಖನದ ನಡುಭಾಗ ಇದಾಗಲಿ.

ಓಡಿನ್‌ನ ಎಂಟು ಕಾಲಿನ ಕುದುರೆಯೇ ಸಾಂತಾನ ಗಾಡಿ ಎಳೆಯುವ ಎಂಟು ಹಿಮಸಾರಂಗಗಳಾಯಿತೆಂಬ ನಿಮ್ಮ ನಿರ್ಣಯ ಬರೀ ಊಹೆ. ಆ ಎಂಟು ಸಾರಂಗಗಳು 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾದ ಪದ್ಯದಿಂದ ಬಂದವು. ಕೆಂಪು ಉಡುಪು ಕೋಕಾಕೋಲಾದ ಸೃಷ್ಟಿ ಎಂಬ ವಾಕ್ಯವನ್ನೂ ತೆಗೆಯಿರಿ (ಡಿಸೆಂಬರ್ ಬಂದರೆ ಯಾರಾದರೊಬ್ಬರು ಇದನ್ನು ಬರೆದೇ ಬರೆಯುತ್ತಾರೆ). ಆ ಕಂಪನಿಯ ಪ್ರಸಿದ್ಧ ಚಿತ್ರಗಳು ಆರಂಭವಾದದ್ದು 1931ರಲ್ಲಿ; ಕೆಂಪು ಉಡುಪಿನ ಸಾಂತಾ ಅದಕ್ಕೂ ಮೊದಲೇ ಅಮೆರಿಕದ ಪತ್ರಿಕೆಗಳ ಮುಖಪುಟಗಳಲ್ಲಿದ್ದ.

ಬೆಫಾನಾ, ಕ್ರಾಂಪಸ್ ಭಾಗಗಳನ್ನು ತೆಗೆದು, ನಿಕೋಲಸ್‌ನೊಬ್ಬನನ್ನೇ ಇಟ್ಟುಕೊಂಡು ಮತ್ತೆ ಬರೆದು ಕಳುಹಿಸಿದರೆ ಈ ಸಂಚಿಕೆಗೇ ಪರಿಶೀಲಿಸುತ್ತೇನೆ. ಕ್ರಾಂಪಸ್‌ನ ಟಿಪ್ಪಣಿಗಳನ್ನು ಬಿಸಾಡಬೇಡಿ. ಅವು ಬೇರೆಯೇ ಒಂದು ಲೇಖನಕ್ಕೆ ಸಾಕಾಗುವಷ್ಟಿವೆ.

ಇತಿ,
ಸಂಪಾದಕ